ಮನೆಯ ಊಟದ ಲೆಕ್ಕ ಹೊಲದಲ್ಲೇ ಆರಂಭ

(ಯಾದಗಿರಿ, ಶಹಾಪುರ, ಸುರಪುರ ಭಾಗದ ರೈತ ಕುಟುಂಬಗಳಿಗಾಗಿ ಸಿದ್ಧಪಡಿಸಿದ ಭಾಷಣದ ಪಠ್ಯ)



ಬಿತ್ತನೆಗೆ ಮುಂಚೆ ಪ್ರತಿಯೊಬ್ಬ ರೈತನೂ ಲೆಕ್ಕ ಹಾಕುತ್ತಾನೆ. ಬೀಜಕ್ಕೆ ಎಷ್ಟು, ಗೊಬ್ಬರಕ್ಕೆ ಎಷ್ಟು, ಔಷಧಿಗೆ ಎಷ್ಟು, ಕೂಲಿಗೆ ಎಷ್ಟು, ಕೊನೆಗೆ ಕೈಯಲ್ಲಿ ಉಳಿಯುವುದು ಎಷ್ಟು ಎಂದು ಎಣಿಸಿ ನೋಡುತ್ತಾನೆ. ಈ ಲೆಕ್ಕದಲ್ಲಿ ಒಂದು ಬಾಬು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಅದು ಮನೆಯವರ ಊಟ. ಹೊಲದಲ್ಲಿ ಏನು ಬೆಳೆಯುತ್ತದೆಯೋ ಅದರ ಮೇಲೆ ಒಲೆಯ ಮೇಲೆ ಏನು ಬೇಯುತ್ತದೆ ಎಂಬುದು ನಿಂತಿದೆ. ಆದ್ದರಿಂದ ಒಳ್ಳೆಯ ಅಡುಗೆಯ ಮಾತು ಅಡುಗೆ ಮನೆಯಿಂದಲ್ಲ, ಹೊಲದಿಂದ ಆರಂಭವಾಗಬೇಕು.

ಬದಲಾದ ಬೆಳೆ, ಬದಲಾದ ತಾಟು

ಶಹಾಪುರ ಮತ್ತು ಸುರಪುರ ಕೃಷ್ಣಾ ಹಾಗೂ ಭೀಮಾ ನದಿಗಳ ನಡುವಿನ ಸೀಮೆ. ಯಾದಗಿರಿ ಪಟ್ಟಣ ಭೀಮೆಯ ಆಚೆಯ ದಡದಲ್ಲಿದೆ. 2009ರ ಡಿಸೆಂಬರಿನಲ್ಲಿ ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ಯಾದಗಿರಿ ಜಿಲ್ಲೆಯಾದಾಗ ಈ ಮೂರೇ ತಾಲ್ಲೂಕುಗಳು ಅದರಲ್ಲಿದ್ದವು. ಇಲ್ಲಿಯ ಕಪ್ಪು ನೆಲದಲ್ಲಿ ಹಿಂದಿನಿಂದ ಜೋಳ, ತೊಗರಿ, ಹೆಸರು, ಕಡಲೆ, ಕುಸುಬೆ, ಅಗಸೆಗಳು ಬೆಳೆಯುತ್ತಿದ್ದವು. ಕೆಂಪು ನೆಲದಲ್ಲಿ ಸಜ್ಜೆ, ಶೇಂಗಾ, ಎಳ್ಳು, ಗುರೆಳ್ಳು ಬೆಳೆಯುತ್ತಿದ್ದವು. ಒಂದೇ ಹೊಲದಲ್ಲಿ ನಾಲ್ಕಾರು ಕಾಳುಗಳು ಇರುತ್ತಿದ್ದುದರಿಂದ ತಾಟಿನಲ್ಲಿಯೂ ನಾಲ್ಕಾರು ಪದಾರ್ಥಗಳು ಇರುತ್ತಿದ್ದವು.

1980ರ ದಶಕದಲ್ಲಿ ನಾರಾಯಣಪುರ ಜಲಾಶಯದ ಎಡದಂಡೆ ಕಾಲುವೆಯ ನೀರು ಬಂದಿತು. ಇದರಿಂದ ಈ ಸೀಮೆಗೆ ಆದ ಉಪಕಾರ ದೊಡ್ಡದು. ಮಳೆಯನ್ನೇ ನಂಬಿದ್ದ ಹೊಲಕ್ಕೆ ನೀರಿನ ಭರವಸೆ ಸಿಕ್ಕಿತು. ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ಕಡಿಮೆ ನೀರು ಬೇಡುವ ಬೆಳೆಗಳಿಗೆ ಒತ್ತು ಇದ್ದರೂ, ಕಾಲುವೆಯ ಬುಡದ ಊರುಗಳಲ್ಲಿ ಭತ್ತ ಹರಡಿತು. ಉಳಿದೆಡೆ ಹತ್ತಿ ಹೆಚ್ಚಿತು. ಭತ್ತ ಮತ್ತು ಹತ್ತಿ ರೊಕ್ಕ ತರುವ ಬೆಳೆಗಳು, ಅವನ್ನು ಬಿಡಬೇಕೆಂದು ಹೇಳುವುದು ಸರಿಯಲ್ಲ. ಆದರೆ ಹೊಲದ ತುಂಬ ಅವೆರಡೇ ಆದಾಗ ಬೇಳೆ, ಎಣ್ಣೆ, ಸೊಪ್ಪು, ಖಾರ ಎಲ್ಲವನ್ನೂ ಅಂಗಡಿಯಿಂದ ತರಬೇಕಾಗುತ್ತದೆ. ಅಂಗಡಿಯಿಂದ ತರುವ ಮನೆಯಲ್ಲಿ ರೊಕ್ಕ ಕಡಿಮೆಯಾದ ವಾರ ಮೊದಲು ಕಡಿಮೆಯಾಗುವುದು ಬೇಳೆ. ಆಮೇಲೆ ಸೊಪ್ಪು. ಕೊನೆಗೆ ಉಳಿಯುವುದು ಅನ್ನ ಮತ್ತು ತಿಳಿಸಾರು.

ಇದರ ಪರಿಣಾಮವೇನು? 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು ಮತ್ತು ಸುಮಾರು 4 ಮಿಲಿಗ್ರಾಂ ಕಬ್ಬಿಣಾಂಶ ಇರುತ್ತದೆ. ಸಜ್ಜೆಯಲ್ಲಿ ಕಬ್ಬಿಣಾಂಶ ಇನ್ನೂ ಹೆಚ್ಚು, 6 ಮಿಲಿಗ್ರಾಂಗೂ ಮೇಲೆ. ಅಷ್ಟೇ ತೂಕದ ಪಾಲಿಷ್ ಅಕ್ಕಿಯಲ್ಲಿ ಪ್ರೋಟೀನು 7ರಿಂದ 8 ಗ್ರಾಂ ಇದ್ದರೂ ಕಬ್ಬಿಣಾಂಶ 1 ಮಿಲಿಗ್ರಾಂಗಿಂತ ಕಡಿಮೆ. ತೊಗರಿಬೇಳೆ ಮತ್ತು ಹೆಸರುಬೇಳೆಯಲ್ಲಿ ಪ್ರೋಟೀನು 22ರಿಂದ 24 ಗ್ರಾಂ ಇರುತ್ತದೆ. ಜೋಳದ ಪ್ರೋಟೀನಿನಲ್ಲಿ ಕಡಿಮೆ ಇರುವ ಅಂಶವನ್ನು ಬೇಳೆಯ ಪ್ರೋಟೀನು ತುಂಬಿಕೊಡುತ್ತದೆ. ಹಿರಿಯರು ರೊಟ್ಟಿಯ ಜೊತೆ ಬೇಳೆಯ ಪಲ್ಯವನ್ನು, ಮೇಲೆ ಒಂದು ಚಮಚ ಹಿಂಡಿಯನ್ನು ಇಟ್ಟುಕೊಂಡು ಉಂಡದ್ದು ಕೇವಲ ರುಚಿಗಾಗಿ ಅಲ್ಲ. ಅಕ್ಕಿ ತಿಂದವ ಹಕ್ಕಿ, ಜೋಳ ತಿಂದವ ತೋಳ ಎಂಬ ಗಾದೆ ಅನುಭವದಿಂದ ಹುಟ್ಟಿದ್ದು.

2019-20ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇತ್ತು. ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಮೂವರಲ್ಲಿ ಇಬ್ಬರಿಗೆ ಇತ್ತು. ರಕ್ತಹೀನತೆ ಇರುವ ತಾಯಿಗೆ ಹೆರಿಗೆಯಲ್ಲಿ ಅಪಾಯ ಹೆಚ್ಚು, ಹುಟ್ಟುವ ಕೂಸಿನ ತೂಕವೂ ಕಡಿಮೆ. ಬೇಳೆ ಬೆಳೆಯುವ ನಾಡಿನಲ್ಲಿ, 2019ರಲ್ಲಿ ತನ್ನ ತೊಗರಿಬೇಳೆಗೆ ಭೌಗೋಳಿಕ ಗುರುತು ಪಡೆದ ಕಲಬುರಗಿಯ ಪಕ್ಕದಲ್ಲಿಯೇ, ಮಕ್ಕಳ ತಾಟಿನಲ್ಲಿ ಬೇಳೆ ತೆಳ್ಳಗಾಗುವುದು ಸರಿಯಲ್ಲ.

ಒಂದು ಮನೆಗೆ ವರ್ಷಕ್ಕೆ ಎಷ್ಟು ಬೇಕು?

ಐದು ಜನರ ಒಂದು ಕುಟುಂಬವನ್ನು ತೆಗೆದುಕೊಳ್ಳೋಣ. ಒಬ್ಬರಿಗೆ ದಿನಕ್ಕೆ ಸರಾಸರಿ 300 ಗ್ರಾಂ ಜೋಳ ಹಿಡಿದರೆ ದಿನಕ್ಕೆ ಒಂದೂವರೆ ಕಿಲೋ, ವರ್ಷಕ್ಕೆ ಸುಮಾರು ಐದೂವರೆ ಕ್ವಿಂಟಲ್ ಬೇಕಾಗುತ್ತದೆ. ಒಂದು ಹೊತ್ತು ಅನ್ನ ಉಣ್ಣುವ ಮನೆಗೆ ಮೂರು ಕ್ವಿಂಟಲ್ ಸಾಕು. ಬೇಳೆಯನ್ನು ಒಬ್ಬರಿಗೆ 60 ಗ್ರಾಂನಂತೆ ಹಿಡಿದರೆ ದಿನಕ್ಕೆ 300 ಗ್ರಾಂ, ವರ್ಷಕ್ಕೆ ಸುಮಾರು 110 ಕಿಲೋ. ಕಾಳು ಒಡೆದು ಬೇಳೆ ಮಾಡುವಾಗ ಹೊಟ್ಟು, ನುಚ್ಚು ಹೋಗುವುದರಿಂದ ಒಂದೂವರೆ ಕ್ವಿಂಟಲಿಗಿಂತ ಸ್ವಲ್ಪ ಹೆಚ್ಚು ಕಾಳು ತೆಗೆದಿಡಬೇಕು. ಇದರಲ್ಲಿ ಒಂದು ಕ್ವಿಂಟಲ್ ತೊಗರಿ, ಉಳಿದದ್ದು ಹೆಸರು ಮತ್ತು ಕಡಲೆ ಇದ್ದರೆ ಪಲ್ಯಕ್ಕೆ ಬದಲಾವಣೆಯೂ ಸಿಗುತ್ತದೆ. ಹಿಂಡಿಗೆ ಮತ್ತು ಉಂಡೆಗೆ ಸುಲಿದ ಶೇಂಗಾ 30 ಕಿಲೋ, ಎಳ್ಳು, ಅಗಸಿ, ಗುರೆಳ್ಳು ತಲಾ 4ರಿಂದ 5 ಕಿಲೋ ಸಾಕು.

ಇಷ್ಟನ್ನು ಬೆಳೆಯಲು ಇಡೀ ಹೊಲ ಬೇಡ. ಹಿಂಗಾರಿಯಲ್ಲಿ, ಎಂದರೆ ಸೆಪ್ಟೆಂಬರ್ ಅಕ್ಟೋಬರ್ ತಿಂಗಳಲ್ಲಿ, ಕಪ್ಪು ನೆಲದ ಒಂದು ಎಕರೆಯಲ್ಲಿ ಜೋಳ ಬಿತ್ತಿದರೆ ಮನೆಯ ರೊಟ್ಟಿಯ ಚಿಂತೆ ಬಹುಮಟ್ಟಿಗೆ ತೀರುತ್ತದೆ. ರೊಟ್ಟಿಗೆ ಈ ಭಾಗದವರು ಮೆಚ್ಚುವ ಮಾಲದಂಡಿ, ಎಂದರೆ ಎಂ 35-1 ತಳಿ ಇಂದಿಗೂ ಒಳ್ಳೆಯದು. ಅದರ ಕಣಿಕೆ ದನಗಳಿಗೆ ಮೇವಾಗುತ್ತದೆ. ದನ ಇದ್ದರೆ ಮಜ್ಜಿಗೆಯೂ ಇರುತ್ತದೆ. ಮುಂಗಾರಿನಲ್ಲಿ ಅರ್ಧ ಎಕರೆ ತೊಗರಿ ಹಾಕಬಹುದು. ಸೊರಗು ರೋಗ ತಡೆಯುವ ಟಿಎಸ್-3ಆರ್ ತಳಿ ಇದಕ್ಕೆ ತಕ್ಕುದು. ತೊಗರಿಯ ಸಾಲುಗಳ ನಡುವೆ ಹೆಸರು ಹಾಕಿದರೆ ಅದು ಎರಡೂವರೆ ತಿಂಗಳಲ್ಲೇ ಕೈಗೆ ಬರುತ್ತದೆ. ಹೊಲದ ಅಂಚಿಗೆ ಎರಡು ಸಾಲು ಪುಂಡಿ, ಒಂದು ಸಾಲು ಎಳ್ಳು ಹಾಕುವ ಅಕ್ಕಡಿ ಪದ್ಧತಿಯನ್ನು ಬಿಡಬಾರದು. ಭತ್ತದ ಗದ್ದೆಯವರು ಬದುವಿನ ಮೇಲೆ ತೊಗರಿ ಊರಬಹುದು. ಬಚ್ಚಲ ನೀರು ಹರಿಯುವ ಕಡೆ ಎರಡು ನುಗ್ಗೆ, ಒಂದು ಕರಿಬೇವು, ಒಂದು ನಿಂಬೆ ಗಿಡವಿದ್ದು, ನಾಲ್ಕು ಮಡಿಗಳಲ್ಲಿ ಮೆಂತೆ, ರಾಜಗಿರಿ, ಪಾಲಕ, ಕೊತ್ತಂಬರಿ ಇದ್ದರೆ ಸೊಪ್ಪಿಗೆ ಸಂತೆಯನ್ನು ಕಾಯಬೇಕಾಗಿಲ್ಲ. ಹದಿನೈದು ದಿನಕ್ಕೊಮ್ಮೆ ಒಂದೊಂದು ಮಡಿಯಲ್ಲಿ ಬೀಜ ಉದುರಿಸುತ್ತ ಹೋಗಬೇಕು.

ಹೊತ್ತು ಎಲ್ಲಿದೆ?

ಇದು ಅನೇಕ ಮಹಿಳೆಯರು ಕೇಳುವ ಪ್ರಶ್ನೆ, ನ್ಯಾಯವಾದ ಪ್ರಶ್ನೆ. ಹತ್ತಿ ಬಿಡಿಸಲು, ಗದ್ದೆಯ ಕಳೆ ತೆಗೆಯಲು ಮುಂಜಾನೆ ಹೋದವಳು ಸಂಜೆ ಮನೆಗೆ ಬರುತ್ತಾಳೆ. ಬಂದ ಮೇಲೆ ಇಪ್ಪತ್ತು ರೊಟ್ಟಿ ಬಡಿಯಬೇಕೆಂದರೆ ಆಗದು. ಕುಕ್ಕರಿನಲ್ಲಿ ಅನ್ನ ಇಡುವುದು ಸುಲಭವೆನಿಸುವುದು ಸಹಜ. ಇದಕ್ಕೆ ಮೂರು ದಾರಿಗಳಿವೆ.

ಮೊದಲನೆಯದು, ವಾರಕ್ಕೊಮ್ಮೆ ಖಡಕ್ ರೊಟ್ಟಿ ಮಾಡಿಟ್ಟುಕೊಳ್ಳುವುದು. ತೆಳ್ಳಗೆ ಬಡಿದು, ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಪೂರ್ತಿ ಒಣಗುವಂತೆ ಸುಟ್ಟು, ಆರಿದ ಮೇಲೆ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟರೆ ಅನೇಕ ದಿನ ಕೆಡುವುದಿಲ್ಲ. ದುಡಿಯಲು ಬೆಂಗಳೂರಿಗೆ, ಮುಂಬಯಿಗೆ ಹೋಗುವವರ ಗಂಟಿನಲ್ಲಿ ಈ ರೊಟ್ಟಿ, ಹಿಂಡಿ ಇರುವುದು ಇದೇ ಕಾರಣಕ್ಕೆ. ಎರಡನೆಯದು, ರೊಟ್ಟಿಯ ಬದಲು ನುಚ್ಚು ಮಾಡುವುದು. ಜೋಳದ ಗುಣ ಅದೇ, ಶ್ರಮ ಕಾಲು ಭಾಗ. ಮೂರನೆಯದು, ಮನೆಯ ಗಂಡಸರು ಕೈಗೂಡಿಸುವುದು. ಗಿರಣಿಗೆ ಹೋಗಿ ಹಿಟ್ಟು ಮಾಡಿಸುವುದು, ನುಚ್ಚು ಒಡೆಸುವುದು, ಸೊಪ್ಪು ಬಿಡಿಸುವುದು, ಶೇಂಗಾ ಸುಲಿಯುವುದು ಗಂಡಸರಿಂದ ಆಗದ ಕೆಲಸವಲ್ಲ. ಹೊಲದ ಕೆಲಸದಲ್ಲಿ ಹೆಣ್ಣುಮಕ್ಕಳು ಅರ್ಧಕ್ಕೂ ಹೆಚ್ಚು ಭಾರ ಹೊರುತ್ತಿರುವಾಗ ಒಲೆಯ ಭಾರವೆಲ್ಲ ಅವರದೇ ಎನ್ನುವುದು ಸಲ್ಲದು.

ಅರ್ಧ ಗಂಟೆಯ ಊಟಗಳು

ಕೆಳಗಿನ ಅಳತೆಗಳು ಐದು ಜನರಿಗೆ.

1. ಪುಂಡಿಪಲ್ಯ: ತೊಗರಿಬೇಳೆ 1 ಬಟ್ಟಲು, ಜೋಳದ ನುಚ್ಚು ಕಾಲು ಬಟ್ಟಲು, ಬಿಡಿಸಿದ ಪುಂಡಿ ಸೊಪ್ಪು 4 ಬಟ್ಟಲು, ಹಸಿಮೆಣಸಿನಕಾಯಿ 6ರಿಂದ 8, ಬೆಳ್ಳುಳ್ಳಿ 10 ಎಸಳು. ಬೇಳೆ ಮತ್ತು ನುಚ್ಚನ್ನು ಹೊಲಕ್ಕೆ ಹೋಗುವಾಗಲೇ ನೆನೆಹಾಕಿದ್ದರೆ ಸಂಜೆ ಬೇಗ ಬೇಯುತ್ತವೆ. ಅರ್ಧ ಬೆಂದಾಗ ತೊಳೆದ ಸೊಪ್ಪು, ಮೆಣಸಿನಕಾಯಿ ಹಾಕಿ ಮುಚ್ಚಬೇಕು. ಮೆತ್ತಗಾದ ಮೇಲೆ ಸೌಟಿನಿಂದ ಕಿವುಚಿ, ಉಪ್ಪು ಹಾಕಿ, ಬೆಳ್ಳುಳ್ಳಿಯ ಒಗ್ಗರಣೆ ಕೊಡಬೇಕು. ಹುಳಿ ಹೆಚ್ಚೆಂದು ಸೊಪ್ಪು ಬೇಯಿಸಿದ ನೀರನ್ನು ಚೆಲ್ಲುವ ರೂಢಿ ಕೆಲವರಲ್ಲಿದೆ. ಹಾಗೆ ಚೆಲ್ಲಿದರೆ ಸತ್ವವೂ ಹೋಗುತ್ತದೆ. ಅದರ ಬದಲು ಎರಡು ಬಟ್ಟಲು ಪುಂಡಿ, ಎರಡು ಬಟ್ಟಲು ರಾಜಗಿರಿ ಬೆರೆಸಿದರೆ ಹುಳಿ ಹದಕ್ಕೆ ಬರುತ್ತದೆ. ಇದು ಮರುದಿನ ತಂಗಳ ರೊಟ್ಟಿಯೊಡನೆ ಇನ್ನೂ ರುಚಿ.

2. ಮೆಂತೆ ಹೆಸರುಬೇಳೆ ಪಲ್ಯ: ಹೆಸರುಬೇಳೆ 1 ಬಟ್ಟಲು, ಹೆಚ್ಚಿದ ಮೆಂತೆ ಸೊಪ್ಪು 3 ಬಟ್ಟಲು, ಉಳ್ಳಾಗಡ್ಡಿ 1, ಹಸಿಮೆಣಸಿನಕಾಯಿ 4. ಬೇಳೆಯನ್ನು ಅರ್ಧ ಗಂಟೆ ನೆನೆಸಬೇಕು. ಒಗ್ಗರಣೆಯಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ ಬಾಡಿಸಿ, ಸೊಪ್ಪು ಮತ್ತು ಬೇಳೆ ಹಾಕಿ, ಒಂದು ಬಟ್ಟಲು ನೀರು ಚಿಮುಕಿಸಿ ಮುಚ್ಚಿದರೆ ಹದಿನೈದು ನಿಮಿಷದಲ್ಲಿ ಉದುರಾಗಿ ಬೇಯುತ್ತದೆ. ಸೊಪ್ಪನ್ನು ಮೊದಲು ತೊಳೆದು ಆಮೇಲೆ ಹೆಚ್ಚಬೇಕು. ಹೆಚ್ಚಿದ ಮೇಲೆ ತೊಳೆಯಕೂಡದು.

3. ನುಚ್ಚು ಮಜ್ಜಿಗೆ: ಜೋಳದ ನುಚ್ಚು 2 ಬಟ್ಟಲು, ನೀರು 6ರಿಂದ 7 ಬಟ್ಟಲು. ರಾತ್ರಿ ನೆನೆಸಿದ ನುಚ್ಚನ್ನು ಕುದಿಯುವ ನೀರಿಗೆ ಹಾಕಿ, ಗಂಟು ಕಟ್ಟದಂತೆ ತಿರುವುತ್ತ ಬೇಯಿಸಬೇಕು. ಬಿಸಿ ಇದ್ದಾಗ ಬೇಳೆಯ ಸಾರಿನೊಡನೆ, ಆರಿದ ಮೇಲೆ ಮಜ್ಜಿಗೆ, ಹಸಿ ಉಳ್ಳಾಗಡ್ಡಿಯೊಡನೆ ಉಣ್ಣಬಹುದು. ಬೇಸಗೆಯಲ್ಲಿ ಹೊಲಕ್ಕೆ ಒಯ್ಯಲು ಇದಕ್ಕಿಂತ ಒಳ್ಳೆಯದಿಲ್ಲ. ಆರು ತಿಂಗಳು ತುಂಬಿದ ಕೂಸಿಗೆ ಎದೆಹಾಲಿನ ಜೊತೆಗೆ ಇದೇ ನುಚ್ಚನ್ನು ಹೆಸರುಬೇಳೆ ಸೇರಿಸಿ ಮೆತ್ತಗೆ ಬೇಯಿಸಿ, ನುಣ್ಣಗೆ ಕಿವುಚಿ ತಿನ್ನಿಸಬಹುದು.

4. ಅಕ್ಕಿ ಬೇಳೆಯ ಖಿಚಡಿ: ಅನ್ನವೇ ಆಗಬೇಕಾದ ದಿನ ಅಕ್ಕಿ 2 ಪಾಲು, ಹೆಸರು ಅಥವಾ ತೊಗರಿಬೇಳೆ 1 ಪಾಲು ಹಿಡಿಯಬೇಕು. ಒಂದು ಹಿಡಿ ಶೇಂಗಾ, ಎರಡು ಬಟ್ಟಲು ನುಗ್ಗೆ ಸೊಪ್ಪು ಅಥವಾ ಪಾಲಕ, ಟೊಮ್ಯಾಟೊ ಸೇರಿಸಿ ಒಂದೇ ಪಾತ್ರೆಯಲ್ಲಿ ಬೇಯಿಸಬಹುದು. ಬರಿ ಅನ್ನ, ತಿಳಿಸಾರಿಗಿಂತ ಇದು ಎಷ್ಟೋ ಮೇಲು. ಪಾತ್ರೆಯೂ ಒಂದೇ, ಉರುವಲೂ ಕಡಿಮೆ.

5. ಒಗ್ಗರಣೆ ರೊಟ್ಟಿ: ನಿನ್ನೆಯ ರೊಟ್ಟಿ ಉಳಿದಿದ್ದರೆ ಚೂರು ಮಾಡಿ, ಸ್ವಲ್ಪ ಮಜ್ಜಿಗೆ ಚಿಮುಕಿಸಿ ಐದು ನಿಮಿಷ ಬಿಡಬೇಕು. ಸಾಸಿವೆ, ಕರಿಬೇವು, ಉಳ್ಳಾಗಡ್ಡಿ, ಮೆಣಸಿನಕಾಯಿಯ ಒಗ್ಗರಣೆಯಲ್ಲಿ ಒಂದು ಬಟ್ಟಲು ಮೊಳಕೆ ಹೆಸರು ಬಾಡಿಸಿ, ಚೂರುಗಳನ್ನು ಹಾಕಿ ತಿರುವಬೇಕು. ಮೇಲೆ ನಿಂಬೆ ಹಿಂಡಿದರೆ ಮಕ್ಕಳು ಶಾಲೆಗೆ ಹೋಗುವ ಮುನ್ನ ತಿನ್ನಲು ತಿಂಡಿ ಸಿದ್ಧ. ಬಿಸಿ ರೊಟ್ಟಿಯಾದರೆ ಬೆಳ್ಳುಳ್ಳಿ, ಮೆಣಸಿನಕಾಯಿ, ಉಪ್ಪಿನೊಡನೆ ಒರಳಿನಲ್ಲಿ ಕುಟ್ಟಿ, ಎಣ್ಣೆ ಹಾಕಿ ಮುಟಗಿ ಕಟ್ಟಿಕೊಡಬಹುದು.

ಹಿಂಡಿ: ಮನೆಯ ಭದ್ರತಾ ಠೇವಣಿ

ಪಲ್ಯ ಕಡಿಮೆಯಾದ ದಿನ ಮನೆಯ ಮಾನ ಕಾಯುವುದು ಹಿಂಡಿ. ಶೇಂಗಾ, ಅಗಸಿ, ಗುರೆಳ್ಳು ಮೂರರಲ್ಲಿಯೂ ಎಣ್ಣೆಯ ಅಂಶ, ಪ್ರೋಟೀನು ಚೆನ್ನಾಗಿವೆ. ಎಳ್ಳಿನಲ್ಲಿ ಸುಣ್ಣದ ಅಂಶ ಬಹಳ. ಶೇಂಗಾ 2 ಬಟ್ಟಲು, ಅಗಸಿ ಅಥವಾ ಗುರೆಳ್ಳು 1 ಬಟ್ಟಲು, ಎಳ್ಳು ಅರ್ಧ ಬಟ್ಟಲು ತೆಗೆದುಕೊಂಡು, ಒಂದೊಂದನ್ನೂ ಬೇರೆ ಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಬೇಕು. ಒಣಮೆಣಸಿನಕಾಯಿ 10, ಬೆಳ್ಳುಳ್ಳಿ 1 ಗಡ್ಡಿ, ಜೀರಿಗೆ, ಸ್ವಲ್ಪ ಹುಣಸೆ, ಉಪ್ಪು ಸೇರಿಸಿ ತರಿಯಾಗಿ ಕುಟ್ಟಬೇಕು.

ಇಲ್ಲಿ ಎರಡು ಎಚ್ಚರಿಕೆಗಳು. ಅಗಸಿ ಪುಡಿ ಬೇಗ ಕಮಟು ವಾಸನೆ ಹಿಡಿಯುವುದರಿಂದ ಹದಿನೈದು ದಿನಕ್ಕೆ ಆಗುವಷ್ಟನ್ನೇ ಮಾಡಬೇಕು. ಬೂಷ್ಟು ಹಿಡಿದ, ಮುರುಟಿದ, ಬಣ್ಣಗೆಟ್ಟ ಶೇಂಗಾ ಬೀಜಗಳನ್ನು ಆರಿಸಿ ಎಸೆಯಬೇಕು. ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತಿಗೆ ಹಾನಿ ಮಾಡುತ್ತದೆ, ಹುರಿದರೂ ಪೂರ್ತಿ ಹೋಗುವುದಿಲ್ಲ. ಒಳ್ಳೆಯದನ್ನು ಮಾರಿ, ಗೊಡ್ಡು ಬೀಜವನ್ನು ಮನೆಗೆ ಉಳಿಸಿಕೊಳ್ಳುವ ಅಭ್ಯಾಸ ಇದ್ದರೆ ಕೂಡಲೇ ಬಿಡತಕ್ಕದ್ದು.

ದಿನಬಳಕೆಯ ಸಿಹಿಗಳು

ಸಿಹಿಯೆಂದರೆ ಹಬ್ಬದ ಹೋಳಿಗೆ, ಗೋಧಿ ಹುಗ್ಗಿ ಮಾತ್ರ ಅಲ್ಲ. ಪಂಚಮಿಗೆ ಅಳ್ಳಿಟ್ಟು, ಉಂಡೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವಾಗ ಕಡಬು, ಭಜ್ಜಿ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಆಯಾ ಕಾಲಕ್ಕೆ ಹೊಲದಿಂದ ಬಂದುದನ್ನೇ ಹಿರಿಯರು ಹಬ್ಬದ ಅಡುಗೆ ಮಾಡಿದರು. ಅಂಗಡಿಯ ಬಿಸ್ಕೀಟು, ಚಾಕಲೇಟಿಗೆ ಕೊಡುವ ಹತ್ತು ರೂಪಾಯಿಯನ್ನು ಉಳಿಸಿ, ಕೆಳಗಿನ ಸಿಹಿಗಳನ್ನು ವಾರಕ್ಕೆ ಒಂದೆರಡು ಸಲ ಮಾಡಬಹುದು.

ಶೇಂಗಾ ಎಳ್ಳಿನ ಉಂಡೆ: ಹುರಿದು ಸಿಪ್ಪೆ ತೆಗೆದ ಶೇಂಗಾ 2 ಬಟ್ಟಲು, ಹುರಿದ ಎಳ್ಳು ಅರ್ಧ ಬಟ್ಟಲು, ಪುಡಿ ಬೆಲ್ಲ 1 ಬಟ್ಟಲು. ಎಲ್ಲವನ್ನೂ ಸೇರಿಸಿ ಕುಟ್ಟಿದರೆ ಬೀಜದ ಎಣ್ಣೆಯಿಂದಲೇ ಉಂಡೆ ಕಟ್ಟಲು ಬರುತ್ತದೆ. ಪಾಕ ಹಿಡಿಯಬೇಕಾಗಿಲ್ಲ, ತುಪ್ಪವೂ ಬೇಡ. ಬಸುರಿ, ಬಾಣಂತಿಯರಿಗೂ ಬೆಳೆಯುವ ಹೆಣ್ಣುಮಕ್ಕಳಿಗೂ ದಿನಕ್ಕೊಂದು ಉಂಡೆ ಕೊಡಬಹುದು. ಸಣ್ಣ ಮಕ್ಕಳಿಗೆ ಇಡೀ ಶೇಂಗಾ ಬೀಜ ಕೊಡಬಾರದು, ಗಂಟಲಲ್ಲಿ ಸಿಕ್ಕೀತು. ನುಣ್ಣಗೆ ಕುಟ್ಟಿಯೇ ಕೊಡಬೇಕು.

ಸಜ್ಜೆ ಮಾಲ್ದಿ: ದಪ್ಪನೆಯ 3 ಸಜ್ಜೆ ರೊಟ್ಟಿಗಳನ್ನು ಬಿಸಿ ಇರುವಾಗಲೇ ಪುಡಿ ಮಾಡಬೇಕು. ಪುಡಿ ಬೆಲ್ಲ 1 ಬಟ್ಟಲು, ಪುಟಾಣಿ ಹಿಟ್ಟು ಅರ್ಧ ಬಟ್ಟಲು, ಹುರಿದ ಎಳ್ಳು 2 ಚಮಚ, ಏಲಕ್ಕಿ ಪುಡಿ ಸೇರಿಸಿ ಕೈಯಿಂದ ಉಜ್ಜಿ ಬೆರೆಸಬೇಕು. ಉಣ್ಣುವಾಗ ಹಾಲು ಅಥವಾ ತುಪ್ಪ ಹಾಕಿಕೊಳ್ಳಬಹುದು. ಸಜ್ಜೆ ಹಿಟ್ಟು ಹಳೆಯದಾದರೆ ಕಹಿಯಾಗುತ್ತದೆ, ಆಗಾಗ ಸ್ವಲ್ಪ ಸ್ವಲ್ಪವೇ ಬೀಸಿಸುವುದು ಒಳ್ಳೆಯದು.

ಹೆಸರುಬೇಳೆ ಪಾಯಸ: ಹುರಿದ ಹೆಸರುಬೇಳೆ 1 ಬಟ್ಟಲನ್ನು 4 ಬಟ್ಟಲು ನೀರಿನಲ್ಲಿ ಮೆತ್ತಗೆ ಬೇಯಿಸಿ, 1 ಬಟ್ಟಲು ಬೆಲ್ಲ ಹಾಕಿ ಕುದಿಸಬೇಕು. ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಮೇಲೆ ಕಾಯಿಸಿದ 2 ಬಟ್ಟಲು ಹಾಲು ಸೇರಿಸಬೇಕು. ಕುದಿಯುವಾಗಲೇ ಹಾಲು ಹಾಕಿದರೆ ಬೆಲ್ಲದಿಂದ ಒಡೆಯಬಹುದು.

ಬೆಲ್ಲವೂ ಸಕ್ಕರೆಯ ಜಾತಿಯದೇ. ಸಿಹಿಮೂತ್ರ ರೋಗವಿರುವವರು ಬೆಲ್ಲ ಒಳ್ಳೆಯದೆಂದು ಹೆಚ್ಚು ತಿನ್ನಕೂಡದು.

ಉಂಡದ್ದು ಮೈಗೆ ಹತ್ತಲು

ಕಾಳು, ಸೊಪ್ಪಿನಲ್ಲಿರುವ ಕಬ್ಬಿಣಾಂಶ ದೇಹಕ್ಕೆ ಸುಲಭವಾಗಿ ಸೇರುವುದಿಲ್ಲ. ಊಟದ ಜೊತೆ ನಿಂಬೆ, ನೆಲ್ಲಿಕಾಯಿ, ಹಸಿ ಟೊಮ್ಯಾಟೊಗಳಲ್ಲಿ ಯಾವುದಾದರೊಂದು ಇದ್ದರೆ ಹೆಚ್ಚು ಸೇರುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಕಡಿಮೆ ಸೇರುತ್ತದೆ. ಆದ್ದರಿಂದ ಊಟಕ್ಕೂ ಚಹಾಕ್ಕೂ ಒಂದು ಗಂಟೆಯಾದರೂ ಅಂತರವಿರಬೇಕು. ಇದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ.

ಮೊಟ್ಟೆ ತಿನ್ನುವ ಮನೆಯವರು ನಾಲ್ಕು ಜವಾರಿ ಕೋಳಿ ಸಾಕಿ, ಮೊಟ್ಟೆಯನ್ನು ಮಾರುವ ಮುನ್ನ ಮಕ್ಕಳಿಗೆ ಕೊಡಬೇಕು. 2021ರ ಡಿಸೆಂಬರಿನಲ್ಲಿ ಯಾದಗಿರಿ ಸೇರಿದಂತೆ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲಾರಂಭಿಸಿದ ಮೇಲೆ ನಡೆದ ಅಧ್ಯಯನದಲ್ಲಿ, ಮೊಟ್ಟೆ ಸಿಗದ ಗದಗ ಜಿಲ್ಲೆಯ ಮಕ್ಕಳಿಗಿಂತ ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿದ್ದು ಕಂಡುಬಂದಿತು. ಪ್ರೋಟೀನು ದೊರೆತರೆ ಇಲ್ಲಿಯ ಮಕ್ಕಳು ಬೆಳೆಯುತ್ತಾರೆ ಎಂಬುದಕ್ಕೆ ಇದು ಸಾಕ್ಷಿ.

ಇನ್ನೊಂದು ಮಾತು ಬಡಿಸುವ ಕ್ರಮದ್ದು. ಅನೇಕ ಮನೆಗಳಲ್ಲಿ ಗಂಡಸರು ಮೊದಲು, ಮಕ್ಕಳು ಆಮೇಲೆ, ಮನೆಯಾಕೆ ಕೊನೆಗೆ. ಅಷ್ಟು ಹೊತ್ತಿಗೆ ಪಲ್ಯದ ಪಾತ್ರೆಯಲ್ಲಿ ತಳ ಕಾಣುತ್ತಿರುತ್ತದೆ. ಆಕೆ ಉಳಿದ ರೊಟ್ಟಿಯನ್ನು ಖಾರದ ಪುಡಿಯೊಡನೆ ತಿಂದು ಏಳುತ್ತಾಳೆ. ರಕ್ತಹೀನತೆ ಆಕೆಯಲ್ಲಿ ಹೆಚ್ಚಾಗಿರುವುದಕ್ಕೆ ಇದೂ ಒಂದು ಕಾರಣ. ಹೇಗೆ ಅಡುಗೆ ಮಾಡಿದರೂ, ಎಷ್ಟು ಬೆಳೆದರೂ, ಈ ಕ್ರಮ ಬದಲಾಗದಿದ್ದರೆ ಪ್ರಯೋಜನವಿಲ್ಲ. ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಬೇಕು. ಅದು ಆಗದಿದ್ದಲ್ಲಿ ಬಡಿಸುವ ಮೊದಲೇ ಆಕೆಯ ಪಾಲಿನ ಪಲ್ಯವನ್ನು ಬೇರೆ ತೆಗೆದಿಡಬೇಕು. ಹೇಳಬೇಕಾದವರು ಮನೆಯ ಹಿರಿಯರು ಮತ್ತು ಗಂಡಂದಿರು.

ಬಿತ್ತುವ ಮುನ್ನ

ಮುಂಗಾರು ಬಿತ್ತನೆಗೆ ಮೊದಲು ಒಂದು ಸಂಜೆ ಗಂಡ ಹೆಂಡತಿ ಇಬ್ಬರೂ ಕುಳಿತು ಪಟ್ಟಿ ಮಾಡಬೇಕು. ಮನೆಗೆ ಜೋಳ ಎಷ್ಟು, ತೊಗರಿ ಎಷ್ಟು, ಹೆಸರು ಎಷ್ಟು, ಶೇಂಗಾ ಎಷ್ಟು. ಯಾವ ತುಂಡಿನಲ್ಲಿ ಯಾವುದು, ಯಾವ ಬದುವಿನ ಮೇಲೆ ಯಾವುದು ಎಂದು ಬರೆದಿಡಬೇಕು. ರಾಶಿಯಾದ ಮೇಲೆ ಮಾರುವುದಕ್ಕೆ ಮುಂಚೆ ಮನೆಯ ಪಾಲನ್ನು ಅಳೆದು, ಚೆನ್ನಾಗಿ ಒಣಗಿಸಿ, ಬೇವಿನ ಸೊಪ್ಪು ಬೆರೆಸಿ ಕಣಜದಲ್ಲಿ ತುಂಬಬೇಕು. ಬೆಲೆ ಏರಿದೆಯೆಂದು ಆ ಪಾಲನ್ನು ಮುಟ್ಟಕೂಡದು; ಮಾರಿದ ಬೇಳೆಯನ್ನೇ ಮರಳಿ ಕೊಳ್ಳುವಾಗ ಹೆಚ್ಚಿನ ದರ ಕೊಡಬೇಕಾಗುತ್ತದೆ. ತಳಿ, ಬೀಜ, ಕೈತೋಟದ ವಿಷಯದಲ್ಲಿ ಸುರಪುರ ತಾಲ್ಲೂಕಿನ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ, ಶಹಾಪುರದ ಬಳಿಯ ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯದಲ್ಲಾಗಲಿ ವಿಚಾರಿಸಬಹುದು.

ಸಾಲದ ಕಂತು, ಗೊಬ್ಬರದ ಬಾಕಿ ಕಾಗದದ ಮೇಲೆ ಬರೆದಿರುತ್ತವೆ, ಆದ್ದರಿಂದ ಮರೆಯುವುದಿಲ್ಲ. ಮನೆಯವರ ಊಟದ ಪಾಲನ್ನೂ ಅದೇ ಕಾಗದದ ಮೇಲೆ, ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಬರೆಯುವುದು ಲೇಸು.